ಮಾಸ್ತರರ ಅರವತ್ತಾರೂ ಮುಕ್ಕಾಲು ಇಂಚು

ನಮ್ಮ ಸೀಮೆಯ ಪ್ರೌಢಶಾಲೆಗಳಲ್ಲಿ ಕೈಕೆಲಸದ ತರಗತಿಯೆಂದರೆ ಮಕ್ಕಳು ಆಕಳಿಸುವ ತರಗತಿ ಎಂದಿದ್ದ ಕಾಲದಲ್ಲಿ, ಆ ತರಗತಿಗೆ ಗಣಿತದ ಗಟ್ಟಿತನವನ್ನೂ ಬಡವರ ಮನೆಯ ಕಾಳಜಿಯನ್ನೂ ತಂದುಕೊಟ್ಟವರು ಶ್ರೀ ದೊಡ್ಡಬಸಪ್ಪ ತಾವರಗೇರಿ ಮಾಸ್ತರರು. ಯಲಬುರ್ಗಾದಲ್ಲಿ ಸೇವೆಗೆ ಸೇರಿ, ಕುಷ್ಟಗಿಯಲ್ಲಿ ಹನ್ನೊಂದು ವರ್ಷ, ಗಂಗಾವತಿ ತಾಲ್ಲೂಕಿನ ಸಿದ್ದಾಪುರದಲ್ಲಿ ಏಳು ವರ್ಷ, ಕೊನೆಗೆ ಕೊಪ್ಪಳದಲ್ಲಿ ಆರು ವರ್ಷ ದುಡಿದು, ಈ ೧೯೮೭ರ ಮೇ ತಿಂಗಳಲ್ಲಿ ಅವರು ನಿವೃತ್ತರಾಗುತ್ತಿದ್ದಾರೆ. ಅವರ ವಿದ್ವತ್ತನ್ನು ಕುರಿತು ಈ ಅಭಿನಂದನ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಬಡಿಗ. ಆಮೇಲೆ ಓದಿದ್ದೆಲ್ಲ ಅವರು ಕೊಟ್ಟ ಪುಸ್ತಕಗಳನ್ನೇ. ಆದ್ದರಿಂದ ನಾನು ಬರೆಯಬಲ್ಲದ್ದು ಒಂದು ಮನೆಯ ಸಂಗತಿ ಮಾತ್ರ, ಮತ್ತು ಅದನ್ನು ಬರೆಯುವಾಗ ನಾಚಿಕೆಯಿಂದ ನನ್ನ ತಲೆ ಮೇಲೇಳುತ್ತಿಲ್ಲ.

ಯಲಬುರ್ಗಾದಲ್ಲಿ ಸೋರುತ್ತಿದ್ದ ತರಗತಿಯ ಮಾಳಿಗೆಯನ್ನು ಅವರು ಅರ್ಜಿಗಾಗಿ ಕಾಯದೆ ಮಕ್ಕಳೊಡನೆ ತಾವೇ ಮಣ್ಣು ಹೊತ್ತು ಸರಿಪಡಿಸಿದ್ದನ್ನು ಅಲ್ಲಿಯವರು ಇಂದಿಗೂ ಹೇಳುತ್ತಾರೆ. ನಾನು ಅವರನ್ನು ಕಂಡದ್ದು ೧೯೭೪ರಲ್ಲಿ, ಸಿದ್ದಾಪುರದ ಶಾಲೆಗೆ ಬೆಂಚು ಮಾಡಲು ಹೋದಾಗ. ಕೆಲಸ ನೋಡುತ್ತ ನಿಂತವರು, "ಕಾಳಪ್ಪ, ನಿನ್ನ ಕೈಗೆ ಗೊತ್ತಿದ್ದದ್ದು ನಿನ್ನ ತಲಿಗೆ ಯಾಕ ಗೊತ್ತಿಲ್ಲೋ?" ಎಂದು ನಕ್ಕು, ಮರುದಿನದಿಂದ ಶಾಲೆ ಬಿಟ್ಟ ಮೇಲೆ ನನ್ನನ್ನು ಕರಿಹಲಗೆಯ ಮುಂದೆ ಕೂಡಿಸಿಕೊಂಡು ನಕ್ಷೆ ಓದುವುದನ್ನು ಕಲಿಸಿದರು. ಬಡಿಗನೊಬ್ಬನಿಗೆ ಕುರ್ಚಿ ಕೊಟ್ಟು ಪಾಠ ಹೇಳಿದ ಮಾಸ್ತರರನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

೧೯೭೮ರ ಬೇಸಿಗೆಯಲ್ಲಿ ಶಾಲೆಯ ಕಸ ಗುಡಿಸುವ ಹುಲಗೆಮ್ಮನ ಗುಡಿಸಲು ಸುಟ್ಟುಹೋಯಿತು. ಅವಳದರ ಜೊತೆಗೆ ಕಾಲುವೆ ದಂಡೆಯ ಇನ್ನೂ ಹತ್ತು ಗುಡಿಸಲುಗಳು. ಮಾಸ್ತರರು ಯಾವುದೋ ಹಳೆಯ ಪತ್ರಿಕೆಯಲ್ಲಿ ಜಿಯೋಡೆಸಿಕ್ ಗುಮ್ಮಟದ ಚಿತ್ರ ನೋಡಿ, ತಿಂಗಳುಗಟ್ಟಲೆ ಲೆಕ್ಕ ಹಾಕಿ, ನಮ್ಮಲ್ಲಿ ಸಿಗುವ ಸಾಮಾನಿನಿಂದಲೇ ಅಂಥ ಮನೆ ಕಟ್ಟುವ ದಾರಿ ಕಂಡುಕೊಂಡಿದ್ದರು. ಅರ್ಧ ಚೆಂಡಿನಂಥ ಆ ಗುಂಡು ಮನೆಗೆ ಮೂಲೆಯಿಲ್ಲ, ಕಂಬವಿಲ್ಲ, ತೊಲೆಯಿಲ್ಲ. ಬಿದಿರ ಗಳಗಳ ತ್ರಿಕೋನಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಲ್ಲುತ್ತವೆ. ಗಳಗಳು ಕೂಡುವಲ್ಲಿ ಹಳೆಯ ಬಂಡಿಗಾಲಿಯ ಕಬ್ಬಿಣದ ಪಟ್ಟಿ ಮತ್ತು ಬೋಲ್ಟು, ಮೇಲೆ ಸಿಮೆಂಟಿನ ನೀರಲ್ಲಿ ಅದ್ದಿದ ಗೋಣಿತಟ್ಟು. ಮನೆಯವರೇ ಕೂಡಿ ಕಟ್ಟಿಕೊಳ್ಳಬಹುದಾದಷ್ಟು ಸುಲಭ, ಬಡವರಿಗೆ ಎಟಕುವಷ್ಟು ಅಗ್ಗ. ತಾಲ್ಲೂಕಿನ ಸಾಹೇಬರೊಬ್ಬರು ಬಂದು ನಕ್ಷೆ ನೋಡಿ, "ಮೊದಲು ಒಂದು ಕಟ್ಟಿ ತೋರಿಸಿ. ನಿಂತರೆ ಉಳಿದ ಹತ್ತಕ್ಕೂ ಮಂಜೂರಿ ಕೊಡಿಸುತ್ತೇನೆ" ಎಂದು ಮಾತು ಕೊಟ್ಟು ಹೋದರು. ಹೀಗೆ ಹುಲಗೆಮ್ಮನ ಮನೆಯ ಮೇಲೆ ಹನ್ನೊಂದು ಮನೆಗಳು ನಿಂತಿದ್ದವು.

ಹುಲಗೆಮ್ಮನಿಗೆ ಮಾತ್ರ ಬೇರೆಯೇ ಚಿಂತೆ. "ಮಾಸ್ತರ್ರ, ಮೂಲಿನ ಇಲ್ಲದ ಮನ್ಯಾಗ ಕಸಬರಗಿ ಎಲ್ಲಿ ಇಡಲ್ರಿ?"

"ಮೂಲಿ ಇದ್ದಲ್ಲೇ ಕಸ ಕೂಡತೈತಿ ಹುಲಗೆಮ್ಮ. ಮೂಲಿ ಇಲ್ಲಂದ್ರ ಕಸಬರಗಿನ ಬ್ಯಾಡ!"

"ಹಂಗಾರ ಸಾಲಿನೂ ಗುಂಡಗ ಕಟ್ರಿ, ನಾನೂ ಪಗಾರ ತಗೊಂಡು ಮನ್ಯಾಗ ಕುಂದರತೀನಿ."

ಆ ಮನೆಗೆ ಎರಡೇ ಅಳತೆಯ ಗಳಗಳು. ಸಣ್ಣವು ಮೂವತ್ತು, ಒಂದೊಂದು ಐವತ್ತೊಂಬತ್ತು ಇಂಚು. ದೊಡ್ಡವು ಮೂವತ್ತೈದು, ಒಂದೊಂದು ಅರವತ್ತಾರೂ ಮುಕ್ಕಾಲು ಇಂಚು. ದೊಡ್ಡವುಗಳಲ್ಲಿ ಹತ್ತನ್ನು ಮಾಸ್ತರರೇ ಕೊಯ್ದು ಬುಡದ ಸುತ್ತಿನಲ್ಲಿ ಕೂಡಿಸಿದರು. ಉಳಿದದ್ದೆಲ್ಲವನ್ನೂ ನನಗೆ ಒಪ್ಪಿಸಿದರು.

ಇಲ್ಲಿಂದ ಮುಂದೆ ನನ್ನ ಪಾಪ. ನಾವು ಬಡಿಗರು ಆಯ ನೋಡದೆ ಮನೆಯ ಮರ ಕೊಯ್ಯುವವರಲ್ಲ. ಅಳತೆಯನ್ನು ಎಂಟರಿಂದ ಭಾಗಿಸಿದಾಗ ಒಂದು ಉಳಿದರೆ ಧ್ವಜಾಯ, ಮೂರಾದರೆ ಸಿಂಹಾಯ, ಐದಾದರೆ ವೃಷಭಾಯ, ಇವು ಶುಭ. ಎರಡು ಉಳಿದರೆ ಧೂಮಾಯ, ಹೊಗೆಯ ಆಯ, ಮನೆಗೆ ಬೆಂಕಿಯ ಭಯ. ಸಣ್ಣ ಗಳ ಸಿಂಹಾಯಕ್ಕೆ ಕೂಡಿತು. ಮುಕ್ಕಾಲನ್ನು ಬಿಟ್ಟು ನೋಡಿದರೆ ದೊಡ್ಡದರ ಅರವತ್ತಾರಕ್ಕೆ ಎರಡು ಉಳಿಯಿತು. ಒಮ್ಮೆ ಸುಟ್ಟ ಮನೆಯ ಹೆಣ್ಣುಮಗಳಿಗೆ ಮತ್ತೆ ಹೊಗೆಯ ಆಯದ ಮನೆಯೇ? ಗರಗಸ ಕೆಳಗಿಟ್ಟೆ. ಮಾಸ್ತರರನ್ನು ಕೇಳಿದರೆ ಎಲ್ಲಿ ನಗುತ್ತಾರೋ ಎಂದು ಕೇಳಲಿಲ್ಲ. ಇಪ್ಪತ್ತೈದು ಗಳಗಳನ್ನೂ ಅರವತ್ತೈದಕ್ಕೆ, ಧ್ವಜಾಯಕ್ಕೆ, ಕೊಯ್ದೆ. ಒಂದೂ ಮುಕ್ಕಾಲು ಇಂಚಿನಲ್ಲಿ ಏನು ಮಹಾ ಎಂದುಕೊಂಡೆ. ಬಾಗಿಲ ಚೌಕಟ್ಟಿನಲ್ಲಾದರೆ ಏನೂ ಆಗುತ್ತಿರಲಿಲ್ಲ.

ಬುಡದ ಸುತ್ತು ಮಾಸ್ತರರ ಅಳತೆಯದು, ಮೇಲಿನದು ನನ್ನದು. ನೆತ್ತಿಗೆ ಬರುವಷ್ಟರಲ್ಲಿ ಗಳಗಳು ಒಂದಕ್ಕೊಂದು ಮುಟ್ಟದಾದವು. ನಾಲ್ಕು ಜನ ಹಗ್ಗ ಹಾಕಿ ಜಗ್ಗಿ ಹಿಡಿದರು, ನಾನು ಬೋಲ್ಟು ಬಿಗಿದೆ. ಮಾಸ್ತರರು ಕೆಳಗೆ ನಿಂತು, "ಲೆಕ್ಕದ ಪ್ರಕಾರ ಬೆರಳೀಲೆ ಕೂಡಬೇಕಲ್ಲೋ ಕಾಳಪ್ಪ, ಹಗ್ಗ ಯಾಕ ಬೇಕಾತು?" ಎಂದರು. "ಗಳ ಡೊಂಕ ಅದಾವ್ರಿ ಸರ," ಎಂದೆ. ಅವರು ಅಳೆದು ನೋಡಲಿಲ್ಲ. ನನ್ನ ಕೈಯ ಮೇಲೆ ಅವರಿಗೆ ಅಷ್ಟು ಭರವಸೆಯಿತ್ತು.

ಸಾಹೇಬರು ನೋಡಲು ಬರುವ ದಿನ ಗೋಣಿತಟ್ಟಿನ ಎರಡನೆಯ ಪದರ ಇನ್ನೂ ಹಸಿಯಾಗಿತ್ತು. ಮಧ್ಯಾಹ್ನ ಜೀಪು ಬಂದು ನಿಂತಿತು, ಊರು ನೆರೆದಿತ್ತು. ಸಾಹೇಬರು ಬಾಗಿಲ ಕಡೆಗೆ ಹೆಜ್ಜೆಯಿಟ್ಟರು, ಒಂದು ಬೋಲ್ಟು ಟಪ್ಪೆಂದಿತು, ಇನ್ನೊಂದೂ ಟಪ್ಪೆಂದಿತು, ನೋಡನೋಡುತ್ತಿದ್ದಂತೆ ನೆತ್ತಿ ಒಳಕ್ಕೆ ಕುಸಿದು ಇಡೀ ಮನೆ ತುಳಿದ ಬುಟ್ಟಿಯಂತೆ ಕೂತುಬಿಟ್ಟಿತು. ಒಳಗೆ ಯಾರೂ ಇರಲಿಲ್ಲ, ಅದೊಂದು ಪುಣ್ಯ. ಆಮೇಲೆ ಯಾರೋ, "ಮಾಸ್ತರ ಬುಟ್ಟಿ ಡಬ್ಬ ಬಿತ್ತಲೇ!" ಎಂದರು. ನಗೆ ಎದ್ದಿತು. ಹುಲಗೆಮ್ಮನೂ ಸೆರಗು ಬಾಯಿಗಿಟ್ಟು ನಕ್ಕಳು. ಅಳು ತಡೆಯಲು ಆ ಹೊತ್ತಿಗೆ ಅವಳಿಗೆ ಬೇರೆ ದಾರಿ ಇರಲಿಲ್ಲವೇನೋ.

ಮಾಸ್ತರರು ಕಳಚಿ ಬಿದ್ದ ಒಂದು ಗಳವನ್ನು ಎತ್ತಿ, ಟೇಪು ಹಿಡಿದು ನೋಡಿ, ಟೇಪನ್ನು ಸುತ್ತಿ ಕಿಸೆಗೆ ಹಾಕಿಕೊಂಡರು. ಸಾಹೇಬರು ನನ್ನತ್ತ ತಿರುಗಿ, "ಅಳತೆ ಸರಿಯಾಗಿ ಕೊಯ್ದಿದ್ದೆಯೇನಪ್ಪ?" ಎಂದರು. ನನ್ನ ನಾಲಿಗೆ ತಾನಾಗಿ ಹೊರಳಿತು: "ಮಾಸ್ತರ್ರು ಹೇಳಿದಂಗ ಕೊಯ್ದೀನ್ರಿ ಸಾಹೇಬ್ರ."

ಮಾಸ್ತರರು ನನ್ನ ಮುಖ ನೋಡಿದರು. ಆಮೇಲೆ ಸಾಹೇಬರಿಗೆ, "ಹೌದ್ರಿ, ಲೆಕ್ಕ ನಂದೇ. ತಪ್ಪೈತಿ" ಎಂದರು.

ಮಂಜೂರಿ ಬರಲಿಲ್ಲ. ಆ ಹತ್ತು ಮನೆಯವರು ಮತ್ತೆ ಹುಲ್ಲು ಹೊದಿಸಿಕೊಂಡರು. ಹುಲಗೆಮ್ಮನಿಗೆ ಮಾಸ್ತರರು ತಮ್ಮ ದನದ ಕೊಟ್ಟಿಗೆಯ ತಗಡುಗಳನ್ನು ಬಿಚ್ಚಿ ಕೊಟ್ಟರು. ಶಾಲೆಯ ಗೋಡೆಗೆ ಒರಗಿಸಿ ಅವಳು ಅವುಗಳಡಿಯಲ್ಲಿ ಬದುಕಿದಳು. ಊರು ಅವರನ್ನು 'ಬುಟ್ಟಿ ಮಾಸ್ತರ' ಎಂದು ಕರೆಯಿತು. ನನ್ನ ಅಂಗಡಿಗೆ ಕೆಲಸ ಬರುತ್ತಲೇ ಹೋಯಿತು.

೧೯೮೧ರಲ್ಲಿ ಕೊಪ್ಪಳಕ್ಕೆ ವರ್ಗವಾದಾಗ ಹೇಳಿಹೋಗಲು ಅವರೇ ನನ್ನ ಅಂಗಡಿಗೆ ಬಂದರು. ಹಲಗೆಯ ಮೇಲೆ ಕುಳಿತು, "ಅವತ್ತ ಟೇಪಿನ್ಯಾಗ ಅರವತ್ತೈದು ಬಂತು. ಆಯ ನೋಡಿ ಕೊಯ್ದಿದ್ದಿ, ಹೌದಲ್ಲೋ?" ಎಂದರು.

"ಹೌದ್ರಿ ಸರ."

"ಮೊದಲ ಹೇಳಿದ್ರ ಏನಾಗತಿತ್ತೋ? ನಡುವ ಗೂಟ ಬಡದು ಬುಡದ ಸುತ್ತು ಎಳಿಯೋ ಹಗ್ಗ ಮೂರೂವರಿ ಇಂಚು ಉದ್ದ ಮಾಡಿದ್ರ ಸಣ್ಣ ಗಳ ಅರವತ್ತೊಂದು, ದೊಡ್ಡದು ಅರವತ್ತೊಂಬತ್ತು. ಎರಡಕ್ಕೂ ವೃಷಭಾಯ. ನಿನ್ನ ಶಾಸ್ತ್ರನೂ ಉಳೀತಿತ್ತು, ನನ್ನ ಲೆಕ್ಕನೂ ಉಳೀತಿತ್ತು." ಮತ್ತೆ ಅವರೇ, "ನಾನೂ ಕೇಳಬೇಕಿತ್ತು. ಬಡಿಗನ್ನ ಕೇಳಲಾರ್ದ ಮನಿ ಅಳತಿ ಬರೆದೆ" ಎಂದರು.

"ಸಾಹೇಬ್ರ ಮುಂದ ಯಾಕ ಹೇಳಲಿಲ್ರಿ?"

"ಅವತ್ತು ಹೇಳಿದ್ರ ನಿನಗ ಯಾರು ಕೆಲಸ ಕೊಡತಿದ್ರು? ನನಗೇನು, ನಕ್ರೂ ಪಗಾರ ಬರತೈತಿ."

ಬಯ್ದಿದ್ದರೆ ನಾನು ಹಗುರಾಗುತ್ತಿದ್ದೆ. ಅವರು ಬಯ್ಯಲಿಲ್ಲ, ಯಾರಿಗೂ ಹೇಳಲೂ ಇಲ್ಲ. ನಾನೂ ಹೇಳಲಿಲ್ಲ. ಹೇಳಲು ಆರು ವರ್ಷಗಳಿದ್ದವು. ಪ್ರತಿ ವರ್ಷವೂ ನನಗೊಂದು ನೆಪ ಸಿಕ್ಕಿತು.

ಈ ಲೇಖನದ ಕರಡನ್ನು ಕಂಡ ಸಮಿತಿಯ ಹಿರಿಯರೊಬ್ಬರು, "ಅಭಿನಂದನೆಯೊಳಗ ಇದೆಲ್ಲ ಯಾಕಪ, ಛಲೋ ಮಾತು ಬರಿ" ಎಂದರು. ಮಾಸ್ತರರ ಕುರಿತು ನನಗೆ ತಿಳಿದ ಎಲ್ಲಕ್ಕಿಂತ ಛಲೋ ಮಾತು ಇದೇ ಎಂದು ನಾನು ಅವರಿಗೆ ಬಿನ್ನವಿಸಿದೆ.

ಅಚ್ಚಿಗೆ ಕೊಡುವ ಮುನ್ನ ಸಿದ್ದಾಪುರಕ್ಕೆ ಹೋಗಿ ಹುಲಗೆಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಅಕ್ಕಿ ಕೇರುತ್ತಿದ್ದಳು. ಮೊರ ಕೆಳಗಿಟ್ಟಳು. "ಮನಿ ಹೋತು, ಹೋಗ್ಲಿ. ಇಷ್ಟು ವರ್ಷ ಆ ಮಾಸ್ತರ್ರನ್ನ ಕಂಡು ಮಂದಿ ಜೋಡಿ ನಾನೂ ನಕ್ಕೀನಲ್ಲೋ ಕಾಳಪ್ಪ. ಅದನ್ನ ಎಲ್ಲಿ ಇಡಲಿ ಈಗ?" ಎಂದಳು.

ಮಾಸ್ತರರು ನೂರು ಮಳೆಗಾಲ ಕಾಣಲಿ. ಪೆಟ್ಟಿಗೆಯಲ್ಲಿ ಮಡಚಿಟ್ಟ ನಕ್ಷೆಗಳನ್ನು ಬಿಡುವಿನ ಈ ವರ್ಷಗಳಲ್ಲಿ ಬಿಚ್ಚಿ ಹರಡಲಿ. ಅವರಿಗೆ ನನಗಿಂತ ದಿಟ್ಟ ಬಡಿಗರು ದೊರೆಯಲಿ ಎಂದು ಹಾರೈಸುತ್ತೇನೆ. ಅಂದು ಅಲ್ಲಿ ನೆರೆದು ನಕ್ಕವರಲ್ಲಿ ಓದು ಬಲ್ಲವರು ಈ ಪುಟವನ್ನು ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಬೇಕೆಂದು ಬೇಡುತ್ತೇನೆ: ಮಾಸ್ತರರ ಲೆಕ್ಕ ತಪ್ಪಿರಲಿಲ್ಲ. ತಪ್ಪು ಕೊಯ್ದವನೂ ಸುಳ್ಳು ಹೇಳಿದವನೂ ಕಾಳಪ್ಪ ಬಡಿಗೇರ.