ಕಾಪುವಿನಲ್ಲಿ ಪಪ್ಪಾಯಿ ಕುಟ್ಟಿದ ಸಂಕ್ರಾಂತಿ

ಊರು ತೋರಿಸುವುದೆಂದರೆ ನನಗೆ ಮೊದಲಿನಿಂದಲೂ ಹುಚ್ಚು. ಮಣಿಪಾಲದ ನಮ್ಮ ಮನೆಗೆ ಯಾರೇ ನೆಂಟರು ಬರಲಿ, ಅವರು ಕೈಕಾಲು ತೊಳೆದು ಕೂರುವ ಮೊದಲೇ ನಾಳೆ ಎಲ್ಲಿಗೆ, ನಾಡಿದ್ದು ಎಲ್ಲಿಗೆ ಎಂದು ನಾನು ನಿಶ್ಚಯ ಮಾಡಿ ಆಗಿರುತ್ತಿತ್ತು. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು ನಾನು. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿ ಹೋಗಿ ದೊಡ್ಡವರನ್ನೂ ಸಾಲಾಗಿ ನಿಲ್ಲಿಸುವ ಚಾಳಿ ಹತ್ತಿತ್ತು. "ನಿನ್ನ ಜೊತೆ ಬಂದರೆ ಕಾಲು ನೋವು, ಕಿವಿ ನೋವು ಎರಡೂ" ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. ಅವರಂತೂ ಬರುತ್ತಲೇ ಇರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಮಹಡಿಯ ಕೋಣೆಯಲ್ಲಿ ಥೈಲ್ಯಾಂಡಿನ ಒಬ್ಬಳು ಹುಡುಗಿ ಬಾಡಿಗೆಗೆ ಇದ್ದಳು. ಫಾರ್ಮಸಿ ಓದುತ್ತಿದ್ದಳು. ಬಂದ ಹೊಸತರಲ್ಲಿ ನಮ್ಮನ್ನು ಕಂಡಾಗಲೆಲ್ಲ ಕೈಮುಗಿದು ನಗುವುದು ಬಿಟ್ಟರೆ ಬೇರೆ ಮಾತಿಲ್ಲ. ಆಮೇಲೆ ನನ್ನನ್ನು ಅಕ್ಕ ಎನ್ನಲು ಕಲಿತಳು, "ಊಟ ಆಯ್ತಾ?" ಎಂದು ಕೇಳಲು ಕಲಿತಳು, ಉಳಿದದ್ದಕ್ಕೆ ಅವಳ ಇಂಗ್ಲಿಷು, ನನ್ನ ಇಂಗ್ಲಿಷು ಸೇರಿ ಹೇಗೋ ಸುಧಾರಿಸುತ್ತಿತ್ತು. ನನಗೆ ಮಕ್ಕಳಿರಲಿಲ್ಲ. ಸಂಜೆ ಅವಳು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಮನೆ ತುಂಬಿದ ಹಾಗೆ ಆಗುತ್ತಿತ್ತು.

ಒಂದು ಮಳೆಗಾಲದಲ್ಲಿ ಅವಳಿಗೆ ಕಾಮಾಲೆ ಬಂತು. ಗುಣವಾದರೂ ಮೈ ಕೂಡಲಿಲ್ಲ. ಕೆನ್ನೆ ಒಳಗೆ ಹೋಗಿ, ಕಣ್ಣು ಮಾತ್ರ ದೊಡ್ಡದಾಗಿ ಕಾಣುತ್ತಿತ್ತು. ಇದು ಹೇಗೋ ಅವಳ ಊರಿಗೆ ತಲುಪಿ, ಬೇಸಿಗೆ ಹತ್ತಿರ ಬರುವಾಗ ಅವಳ ತಾಯಿಯೇ ಮುಂಬೈವರೆಗೆ ವಿಮಾನದಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಬಂದು ಇಳಿದರು. ಗಿಡ್ಡ ಆಳು, ಗಟ್ಟಿ ತೋಳು, ಮಾತು ಕಡಿಮೆ. ಮಗಳು ಅವರನ್ನು "ಮ್ಯಾ" ಎಂದು ಕರೆಯುತ್ತಿದ್ದಳು, ಅವರ ಭಾಷೆಯಲ್ಲಿ ಅಮ್ಮ ಎಂದರೆ ಹಾಗೆಯಂತೆ. ನಾವೂ ಹಾಗೆಯೇ ಕರೆದೆವು.

ಅವರು ಬಂದ ರಾತ್ರಿ ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು, "ಅಕ್ಕ, ಮ್ಯಾ ನನ್ನನ್ನು ಕರೆದುಕೊಂಡು ಹೋಗಲು ಬಂದದ್ದು. ಇಲ್ಲಿ ತಿನ್ನಲಿಕ್ಕೆ ಏನೂ ಇಲ್ಲ, ಇಲ್ಲಿದ್ದರೆ ನೀನು ಸಾಯುತ್ತಿ ಅಂತಾರೆ. ನನಗೆ ಓದು ಬಿಡಲಿಕ್ಕೆ ಇಷ್ಟ ಇಲ್ಲ."

"ತಿನ್ನಲಿಕ್ಕೆ ಇಲ್ಲವಾ? ಉಡುಪಿಯಲ್ಲಿಯಾ?" ನನಗೆ ಮೈ ಉರಿಯಿತು. "ನೀನು ಸುಮ್ಮನಿರು ಮಾರಾಯ್ತಿ. ಭಾನುವಾರ ನಾನು ನಿನ್ನ ಮ್ಯಾನಿಗೆ ಊರೆಲ್ಲ ತೋರಿಸಿ, ಹೊಟ್ಟೆ ಒಡೆಯುವಷ್ಟು ತಿನ್ನಿಸಿಕೊಂಡು ಬರುತ್ತೇನೆ. ಆಮೇಲೆ ಹೇಗೆ ಕರೆದುಕೊಂಡು ಹೋಗುತ್ತಾರೆ ನೋಡುವ."

ಬಾಡಿಗೆ ಅಂಬಾಸಿಡರ್ ಗೊತ್ತು ಮಾಡಿದೆ. ಬೆಳಿಗ್ಗೆ ಉಡುಪಿ, ಆಮೇಲೆ ಕಾರ್ಕಳ, ಅಲ್ಲಿಂದ ಪಡುಬಿದ್ರಿ ದಾರಿಯಾಗಿ ಕಾಪುವಿನ ನನ್ನ ತವರು. ಅಲ್ಲಿ ಅಮ್ಮ ಮಾಡುವ ಬಂಗುಡೆ ಮೀನಿನ ಸಾರು, ಹುರಿದ ಮೀನು, ಸಂಜೆ ದೀಪಸ್ತಂಭದ ಬುಡದಲ್ಲಿ ಗಾಳಿ. ಇದಕ್ಕಿಂತ ಒಳ್ಳೆಯ ದಿನವನ್ನು ಯಾರಿಗಾದರೂ ಕೊಡಲು ಸಾಧ್ಯವೇ ಎಂದು ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ಉಡುಪಿಯ ರಥಬೀದಿ ಮ್ಯಾನಿಗೆ ಇಷ್ಟವಾಯಿತು. ಚಪ್ಪಲಿ ಬಿಡುವುದು, ಕೈಮುಗಿಯುವುದು ಇದೆಲ್ಲ ಅವರಿಗೆ ಹೇಳಿಕೊಡಬೇಕಾಗಿಯೇ ಇರಲಿಲ್ಲ. ಹೂ ಮಾರುವವರ ಮುಂದೆ, ಅವಲಕ್ಕಿಯ ಅಂಗಡಿಯ ಮುಂದೆ ನಿಂತು ನಿಂತು ನೋಡಿದರು. ತೊಂದರೆ ಶುರುವಾದದ್ದು ಹೋಟೆಲಿನಲ್ಲಿ. ಮಸಾಲೆ ದೋಸೆ ಬಂತು. ಮ್ಯಾ ಅದನ್ನು ಬಿಡಿಸಿ, ಒಳಗಿನ ಬಟಾಟೆ ಪಲ್ಯದ ಹತ್ತಿರ ಮೂಗು ಒಯ್ದು, ಮೆಲ್ಲನೆ ಮೊದಲಿದ್ದ ಹಾಗೆಯೇ ಮಡಚಿಟ್ಟರು. ಮೈದಾ ಹಿಟ್ಟಿನ ಬಿಸಿ ಗೋಳಿಬಜೆ ತರಿಸಿದೆ. ಒಂದನ್ನು ಮುರಿದು ಒಳಗೆ ಏನೋ ಇರಬೇಕು ಎಂದು ಹುಡುಕಿದರು. ಏನೂ ಸಿಗದಿದ್ದಾಗ ಅವರ ಮುಖ ನೋಡಬೇಕಿತ್ತು! ಸಾಂಬಾರಿನ ಬೆಲ್ಲ, ಇಂಗು ಎರಡೂ ಅವರಿಗೆ ಸೇರಲಿಲ್ಲ. ಕೊನೆಗೆ ಒಂದು ಬಾಳೆಹಣ್ಣು ತಿಂದು ನೀರು ಕುಡಿದರು.

ಈಗ ನಗು ಬರುತ್ತದೆ. ಆಗ ನಾನು ಮಾಡಿದ್ದೇನು ಗೊತ್ತೇ? ಇನ್ನೊಂದು ತಿಂಡಿ ತರಿಸಿದೆ. ನಮ್ಮ ಕಡೆ ಬಂದವರನ್ನು "ನಿಮಗೆ ಎಂತ ಬೇಕು" ಎಂದು ಕೇಳುವ ಕ್ರಮ ಇಲ್ಲ. ಕೇಳಿದರೆ ಕೊಡುವ ಮನಸ್ಸಿಲ್ಲ ಎಂದು ಅರ್ಥ. ಕೇಳದೆ ಬಡಿಸಬೇಕು, ಬೇಡ ಎಂದರೆ ಇನ್ನೂ ಸ್ವಲ್ಪ ಬಡಿಸಬೇಕು. ಹುಡುಗಿಯೂ ನಮ್ಮ ಮನೆಯಲ್ಲಿದ್ದು ನಮ್ಮ ಹಾಗೆಯೇ ಆಗಿದ್ದಳು, ಅದು ಬೇಕು ಇದು ಬೇಡ ಎಂದು ಬಾಯಿಬಿಟ್ಟು ಹೇಳುವುದು ಅವಳಿಗೆ ಮರೆತೇ ಹೋಗಿತ್ತು. ಹೀಗೆ ಒಬ್ಬರ ಮರ್ಯಾದೆಯನ್ನು ಇನ್ನೊಬ್ಬರು ಕಾಯುತ್ತ, ಮ್ಯಾ ಹಸಿದುಕೊಂಡು ಕುಳಿತಿದ್ದರು.

ಕಾರ್ಕಳದ ಗೊಮ್ಮಟನ ಬೆಟ್ಟ ಹತ್ತುವಾಗ ಬಿಸಿಲು ಏರಿತ್ತು. ಬಂಡೆ ಕಾದು ಅಂಗಾಲು ಸುಡುತ್ತಿತ್ತು. ನಾನು ಬಾಯಿ ಮುಚ್ಚಲಿಲ್ಲ. ಒಂದೇ ಕಲ್ಲಿನಲ್ಲಿ ಕಡೆದದ್ದು, ಹೀಗೆ ಸಾಗಿಸಿದ್ದು, ಹಾಗೆ ನಿಲ್ಲಿಸಿದ್ದು ಎಂದು ಪಾಠ ಮಾಡಿದೆ, ಹುಡುಗಿ ಪಾಪ, ಅದನ್ನೆಲ್ಲ ತನ್ನ ಭಾಷೆಗೆ ತಿರುಗಿಸಿದಳು. ಮ್ಯಾ ಅಷ್ಟೆತ್ತರದ ಮೂರ್ತಿಯ ಮುಖವನ್ನೇ ನೋಡುತ್ತ ನಿಂತವರು ಇಳಿಯುವಾಗ ಮೆಟ್ಟಿಲಲ್ಲಿ ತಲೆ ತಿರುಗಿ ಕುಳಿತುಬಿಟ್ಟರು. ಹುಡುಗಿ ತಾಯಿಯ ಕೈ ಹಿಡಿದುಕೊಂಡಳು. ಇಬ್ಬರಲ್ಲಿ ಏನೋ ಮಾತಾಯಿತು. ಹುಡುಗಿಯ ಮುಖ ಸಣ್ಣದಾಯಿತು. ನನಗೆ ಮೊದಲ ಬಾರಿ ಹೆದರಿಕೆಯಾಯಿತು.

ಕಾರು ಬೆಳ್ಮಣ್ಣು ದಾಟಿ, ನಂದಿಕೂರಿನ ಗದ್ದೆಗಳ ನಡುವೆ ಹೋಗುವಾಗ ನಾನು ಮನಸ್ಸಿನಲ್ಲಿ ಒಂದೇ ಜಪ ಮಾಡುತ್ತಿದ್ದೆ: ಅಮ್ಮನ ಬಂಗುಡೆ ಸಾರು, ಅಮ್ಮನ ಬಂಗುಡೆ ಸಾರು.

ತವರಿನ ಅಂಗಳದಲ್ಲಿ ಕಾರು ನಿಂತಾಗ ಅಮ್ಮ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಿಗೆ ಗಂಟು ಹಾಕಿ, ದೈವದ ಕೋಣೆಗೆ ದೀಪದ ಬತ್ತಿ ಹೊಸೆಯುತ್ತಿದ್ದರು.

"ಅಮ್ಮ, ಮೀನು?"

"ನಿನಗೆ ತಲೆ ಸರಿ ಉಂಟಾ? ಇವತ್ತು ಸಂಕ್ರಾಂತಿ ಅಲ್ವಾ!"

ಶಾಲೆಯ ರಜೆ ನೋಡಿ ದಿನ ಇಟ್ಟವಳು ನಾನು, ತಿಂಗಳು ತಿಂಗಳೂ ಬರುವ ಸಂಕ್ರಾಂತಿ ನೋಡಿರಲಿಲ್ಲ. ದೈವಕ್ಕೆ ದೀಪ ಇಡುವ ಆ ದಿನ ನಮ್ಮ ಮನೆಯ ಒಲೆಗೆ ಮೀನಿನ ಗಾಳಿಯೂ ತಾಗಬಾರದು. ಅಮ್ಮ ಕುಚ್ಚಲಕ್ಕಿ ಅನ್ನ, ಬೇಳೆ ಸಾರು, ಹರಿವೆ ಪಲ್ಯ, ಪಾಯಸ ಮಾಡಿಟ್ಟಿದ್ದರು. ಎಲೆಯ ಮುಂದೆ ಕುಳಿತ ಮ್ಯಾ ಅನ್ನವನ್ನು ಸ್ವಲ್ಪ ಬಾಯಿಗಿಟ್ಟು, ಪಾಯಸವನ್ನು ಬೆರಳಿನಿಂದ ಮುಟ್ಟಿ, ಕೈಮುಗಿದು ಎದ್ದರು. ಅಮ್ಮ ಮೊಸರಿನ ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತರು. ಹುಡುಗಿ ನನ್ನ ಬಳಿ ಬಂದು, "ಪರವಾಗಿಲ್ಲ ಅಕ್ಕ. ಈ ವಾರವೇ ಹೊರಡಬೇಕು ಅಂದರು. ನೀವು ಬೇಸರ ಮಾಡಬೇಡಿ" ಎಂದಳು. ನನ್ನನ್ನು ಸಮಾಧಾನ ಮಾಡಲು ಅವಳು ಬರಬೇಕೇ! ನನಗೆ ಅಳು ಬಂತು, ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಅಷ್ಟರಲ್ಲಿ ಬೇಲಿಯಾಚೆಯ ಬ್ಯಾರಿ ಮುಸ್ಲಿಮರ ಮನೆಯ ಹೆಂಗಸು ತಲೆಯ ಮೇಲಿನ ಬಟ್ಟೆ ಸರಿ ಮಾಡುತ್ತ, ಕಾರು ಯಾರದ್ದೆಂದು ನೋಡಲು ಬಂದಳು. ನನ್ನದೇ ಪ್ರಾಯ. ಗಂಡ ಸೌದಿಯಲ್ಲಿ ಕೆಲಸಗಾರರ ಕ್ಯಾಂಪಿನಲ್ಲಿದ್ದ. ಮ್ಯಾನನ್ನು ನೋಡಿದವಳೇ ತುಳುವಿನಲ್ಲಿ ನನ್ನನ್ನು ಕೇಳಿದಳು, "ಟೀಚರೇ, ಇವರ ಊರಿನವರು ನಮ್ಮವರ ಕ್ಯಾಂಪಿನಲ್ಲಿ ತುಂಬ ಜನ ಇದ್ದಾರಂತೆ. ಇವರು ಎಂತ ತಿನ್ನುವುದು?"

ಎಂತ ತಿನ್ನುವುದು! ಅಷ್ಟು ದಿನದಲ್ಲಿ ನಮ್ಮಲ್ಲಿ ಒಬ್ಬರೂ ಕೇಳದ ಮಾತು. ನಾನು ಹುಡುಗಿಯ ಕಡೆ ತಿರುಗಿದೆ. ಅವಳು ತಾಯಿಯನ್ನು ಕೇಳಿದಳು. ಬೆಳಿಗ್ಗೆಯಿಂದ ನಾಲ್ಕು ಮಾತಾಡದ ಮ್ಯಾ ಒಮ್ಮೆಗೇ ಕೈ ಆಡಿಸುತ್ತ, ಕುಟ್ಟುವ ಹಾಗೆ ತೋರಿಸುತ್ತ ಮಾತಾಡತೊಡಗಿದರು. ಹುಡುಗಿ ಕೇಳುತ್ತ ಕೇಳುತ್ತ ಕಣ್ಣೊರಸಿಕೊಂಡಳು.

"ಕಾಯಿ ಪಪ್ಪಾಯಿ ಅಕ್ಕ. ಒಣ ಸಿಗಡಿ, ಮೆಣಸು, ಲಿಂಬೆ ಹಾಕಿ ಕುಟ್ಟುವುದು. ಹುಳಿ, ಖಾರ. ಮ್ಯಾ ನಮ್ಮ ಊರಿನ ರಸ್ತೆ ಬದಿಯಲ್ಲಿ ಅದನ್ನೇ ಮಾಡಿ ಮಾರುವುದು. ಅದರಿಂದಲೇ ನನ್ನ ಓದು."

ನಾನು ಅಮ್ಮನನ್ನು ನೋಡಿದೆ. ಬ್ಯಾರಿ ಹೆಂಗಸಿಗೆ ನಾನು ತಿರುಗಿಸಿ ಹೇಳಿದ ಒಣ ಸಿಗಡಿ ಎಂಬ ಮಾತು ಅವರ ಕಿವಿಗೂ ಬಿದ್ದಿತ್ತು. ಕೈಯಲ್ಲಿದ್ದ ಮೊಸರಿನ ಪಾತ್ರೆಯನ್ನು ಕೆಳಗಿಟ್ಟರು.

"ನನ್ನ ಮನೆಯಲ್ಲಿ ಇವತ್ತು ಆಗುವುದಿಲ್ಲ" ಎಂದರು. ಆಮೇಲೆ ಬೇಲಿಯ ಕಡೆ ಗದ್ದ ಎತ್ತಿ, "ಅವರಿಗೆ ಎಂತ ಸಂಕ್ರಾಂತಿ? ಅಲ್ಲಿಗೆ ಕರೆದುಕೊಂಡು ಹೋಗು. ಹಸಿದವರನ್ನು ಹಾಗೆ ಕಳಿಸಿದರೆ ದೈವ ಮೆಚ್ಚುತ್ತದಾ?" ಎಂದರು.

ಮುಂದಿನದ್ದೆಲ್ಲ ಹಬ್ಬದ ಹಾಗೆ ನಡೆಯಿತು. ಬ್ಯಾರಿ ಮನೆಯ ಹಿತ್ತಲಲ್ಲಿ ಪಪ್ಪಾಯಿ ಮರ ಇತ್ತು. ಡಬ್ಬಿಯಲ್ಲಿ ಒಣ ಸಿಗಡಿ ಇತ್ತು. ಮರದ ಒರಳು ಹೊರಗೆ ಬಂತು. ಮ್ಯಾ ಸೀರೆ ಸೆರಗು ಇಲ್ಲದವರು, ಆದರೂ ಸೆರಗು ಸಿಕ್ಕಿಸುವ ಹಾಗೆಯೇ ಸೊಂಟಕ್ಕೆ ಮೈ ಒರಸುವ ಒಂದು ಬೈರಾಸು ಬಿಗಿದರು. ಸಿಪ್ಪೆ ತೆಗೆದ ಕಾಯಿಯನ್ನು ಅಂಗೈಯಲ್ಲಿ ಹಿಡಿದು ಅದರ ಮೇಲೆ ಕತ್ತಿಯಿಂದ ಕಚಕಚ ಕೊಚ್ಚತೊಡಗಿದಾಗ ನಾವೆಲ್ಲ "ಅಯ್ಯೋ, ಕೈ!" ಎಂದು ಕಿರುಚಿದೆವು. ಅವರು ನಮ್ಮನ್ನು ನೋಡಿ ಮೊದಲ ಬಾರಿಗೆ ಬಾಯಿ ತೆರೆದು ನಕ್ಕರು. ಬೆಳ್ಳುಳ್ಳಿ, ಗಾಂಧಾರಿ ಮೆಣಸು, ಬೆಲ್ಲ, ಹುರಿದ ನೆಲಗಡಲೆ, ಸಿಗಡಿ, ಮೇಲಿಂದ ಲಿಂಬೆ. ಕುಟ್ಟುವುದು, ಸೌಟಿನಿಂದ ತಿರುಗಿಸುವುದು, ರುಚಿ ನೋಡುವುದು. ಘಾಟಿಗೆ ಎಲ್ಲರಿಗೂ ಸೀನು. ತಣ್ಣಗಿನ ಕುಚ್ಚಲಕ್ಕಿ ಅನ್ನದ ಜೊತೆ ತಾಯಿ ಮಗಳು ತಿಂದ ರೀತಿಯನ್ನು ನೋಡಿ ನನ್ನ ಹೊಟ್ಟೆ ತುಂಬಿತು. ಆ ಹುಡುಗಿ ಅಷ್ಟು ಅನ್ನ ಉಂಡದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಬೇಲಿಯ ಈಚೆ ಅಮ್ಮ ಮಣೆ ಹಾಕಿ ಕುಳಿತು ಎಲ್ಲವನ್ನೂ ನೋಡುತ್ತಿದ್ದರು. ಮ್ಯಾ ಒಂದು ಪಾಲು ತೆಗೆದುಕೊಂಡು ಹೋಗಿ ಚಾಚಿದರು. ಅಮ್ಮ ಕೈ ಅಲ್ಲಾಡಿಸಿದರು. ಹುಡುಗಿ ಅರ್ಥ ಹೇಳಿದಳು. ಮ್ಯಾ ತಲೆ ಆಡಿಸಿದರು, ಅವರಲ್ಲಿಯೂ ಬುದ್ಧನ ದಿನ ಎಂದು ಇದೆಯಂತೆ, ಆ ದಿನ ಅವರೂ ಮೀನು ಮುಟ್ಟುವುದಿಲ್ಲವಂತೆ. ಕೈ ತೊಳೆದು, ನಮ್ಮ ಅಂಗಳಕ್ಕೇ ಬಂದು, ಬಾಳೆಲೆಯ ಮೇಲೆ ಬರೀ ಪಪ್ಪಾಯಿ, ಅಮ್ಮನ ಉಪ್ಪು, ಅಮ್ಮನ ಲಿಂಬೆ ಹಾಕಿ ಕೈಯಲ್ಲೇ ಹಿಸುಕಿ ಕೊಟ್ಟರು. ಅಮ್ಮ ತಿಂದರು. "ಒಳ್ಳೆದುಂಟು" ಎಂದರು. ನನ್ನ ಅಡುಗೆಗೆ ಈ ಮಾತು ಅವರ ಬಾಯಿಂದ ಬಂದದ್ದು ನನಗೆ ನೆನಪಿಲ್ಲ.

ಸಂಜೆ ದೀಪಸ್ತಂಭದ ಹತ್ತಿರ ಮರಳಿನಲ್ಲಿ ಕುಳಿತೆವು. ನಾನು ಅದರ ಚರಿತ್ರೆ ಹೇಳಲಿಲ್ಲ, ಅಷ್ಟು ಬುದ್ಧಿ ಬಂದಿತ್ತು. ಮ್ಯಾ ನೀರನ್ನೇ ನೋಡುತ್ತ ಮಗಳಿಗೆ ಏನೋ ಹೇಳಿದರು. ಮಗಳು ತಲೆ ತಗ್ಗಿಸಿ ಮರಳು ಕೆದಕತೊಡಗಿದಳು. ಮೊದಲಾಗಿದ್ದರೆ ಕೇಳಬಾರದು ಎಂದು ಸುಮ್ಮನಿರುತ್ತಿದ್ದೆನೋ ಏನೋ. ಆವತ್ತು ತಡೆಯಲಾಗಲಿಲ್ಲ.

"ಎಂತ ಹೇಳಿದರು ಮಾರಾಯ್ತಿ? ಹೇಳು ಒಮ್ಮೆ."

ಅವಳು ತಲೆ ಎತ್ತಿದಳು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

"ಮಳೆ ಹಿಡಿಯುವ ಮೊದಲು ಸಿಗಡಿ ಒಣಗಿಸಿ ಡಬ್ಬಿ ತುಂಬಿಸಿಕೋ, ಆಮೇಲೆ ಇಲ್ಲಿ ದೋಣಿ ಇಳಿಯುವುದಿಲ್ಲವಂತೆ, ಅಂದರು."

ಮಳೆಗಾಲಕ್ಕೆ ಇಲ್ಲಿಯೇ ಇರುವವಳಿಗೆ ಮಾತ್ರ ಹೇಳುವ ಮಾತು ಅದು. ನಾನು ಮ್ಯಾನ ಎರಡೂ ಕೈ ಹಿಡಿದುಕೊಂಡು, ಲಿಂಬೆ, ಬೆಳ್ಳುಳ್ಳಿ ವಾಸನೆಯ ಆ ಕೈಗಳಿಗೆ ಮುಖ ಒತ್ತಿ, ಸಣ್ಣ ಮಕ್ಕಳ ಹಾಗೆ ಅತ್ತುಬಿಟ್ಟೆ.