ಪುಣೆಯಿಂದ ಬರಬೇಕಾದ ಪಾರ್ಟು

ನಾಸಿಕಕ್ಕೆ ಈ ಸಲ ಚಳಿ ಬೇಗ ಬಂತು. ಹೆಂಡತಿ ಅಟ್ಟದ ಮೇಲಿನ ಹೀಟರ್ ಇಳಿಸಿ, ಒರೆಸಿದ ಹಾಗೆ ಮಾಡಿ ಸ್ವಿಚ್ ಹಾಕಿದಳು. ಕಂಬಿ ಕೆಂಪಗಾಗುತ್ತಿದ್ದಂತೆ ವರ್ಷದ ಧೂಳೆಲ್ಲ ಸುಟ್ಟ ವಾಸನೆ ಕೋಣೆ ತುಂಬಿತು. ನಿಮಗೂ ಗೊತ್ತಿರುವ ವಾಸನೆಯೇ. ನನಗೆ ಮಾತ್ರ ಅದು ಮೂಗಿಗೆ ಬಡಿದಾಗೆಲ್ಲ ಅಕ್ಕನ ಮನೆಯ ಕಂಪ್ಯೂಟರ್ ನೆನಪಾಗುತ್ತದೆ. ಅದೂ ಹೀಗೇ ಬಿಸಿಯಾಗುತ್ತಿತ್ತು, ಗುಂಯ್ ಅನ್ನುತ್ತಿತ್ತು, ವಾಸನೆ ಬಿಡುತ್ತಿತ್ತು. ಸುರು ಮಾತ್ರ ಆಗುತ್ತಿರಲಿಲ್ಲ.

ನಾನು ಬಟ್ಟೆ ವ್ಯಾಪಾರಿ. ಬೀದರ ಕಡೆಯಿಂದ ಕೈ ಬೀಸಿಕೊಂಡು ಬಂದು ನಾಸಿಕ್ ರೋಡಿನಲ್ಲಿ ಅಂಗಡಿ ಹಾಕಿದವನು. ಮಾಲೇಗಾಂವ್‌ನ ಮಗ್ಗದವರ ಜೊತೆ ಚೌಕಾಸಿ ಮಾಡೀ ಮಾಡೀ ಒಂದು ವಿದ್ಯೆ ಕಲಿತೆ. ಹೇಳಿಡುತ್ತೇನೆ, ಉಪಯೋಗಕ್ಕೆ ಬರುತ್ತದೆ. ಎದುರಿಗೆ ಕೂತವನ ಮನಸ್ಸು ಯಾವ ಬಟ್ಟೆಯ ಥಾನಿನ ಮೇಲಿದೆಯೋ ಆ ಥಾನಿನ ಕಡೆ ಅವನು ನೋಡುವುದಿಲ್ಲ. ಉಳಿದದ್ದನ್ನೆಲ್ಲ ಮುಟ್ಟುತ್ತಾನೆ, ಹಿಗ್ಗಿಸಿ ನೋಡುತ್ತಾನೆ, ಬಣ್ಣ ಹೋಗುತ್ತದೇನೋ ಅನ್ನುತ್ತಾನೆ. ಅವನ ಕಣ್ಣು ಎಲ್ಲಿ ಹೋಗುವುದಿಲ್ಲ ಅನ್ನುವುದನ್ನು ನೀವು ನೋಡಬೇಕು. ಇಂಥ ಸಲಹೆ ಕೊಡುವುದು ನನಗೆ ಚಟ. ಹೆಂಡತಿಯ ಪ್ರಕಾರ ನಾನು ಸತ್ತವರ ಮನೆಗೆ ಹೋದರೂ ಹಾರ ಎಲ್ಲಿ ಅಗ್ಗ ಸಿಗುತ್ತದೆ ಅಂತ ಹೇಳಿ ಬರುವ ಮನುಷ್ಯ.

ಅಕ್ಕನ ಮನೆ ಇದ್ದದ್ದು ಈಗಿನ ಛತ್ರಪತಿ ಸಂಭಾಜಿನಗರದಲ್ಲಿ. ಆಗ ಔರಂಗಾಬಾದ್ ಅನ್ನುತ್ತಿದ್ದೆವು. ಅಕ್ಕನ ಗಂಡನನ್ನು ನಾನು ಮಾಮಾ ಎಂದು ಕರೆಯುತ್ತಿದ್ದೆ. ಅವರು ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಊರ ಹೊರಗೆ ಶೇಂದ್ರಾ ಕಡೆ ಇಷ್ಟೊಂದು ಕಾರ್ಖಾನೆಗಳು ಏಳುವ ಮೊದಲಿನ ಮಾತು. ಯಾವ ನಟ್ಟು ಯಾವ ಖಾನೆಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ ಮನುಷ್ಯನಿಗೆ ಒಂದು ದಿನ ಸ್ವಯಂ ನಿವೃತ್ತಿ ತಗೊಳ್ಳಿ ಅಂದರು. ಹೆಸರು ಸ್ವಯಂ ಅಂತ, ಆದರೆ ಸ್ವಂತ ಇಚ್ಛೆಯಿಂದ ಹೋದವರು ಯಾರೂ ಇರಲಿಲ್ಲ. ಬಂದ ದುಡ್ಡಿನಲ್ಲಿ ಕಂಪ್ಯೂಟರ್ ತಗೊಂಡರು. ಮನೆಯಲ್ಲೇ ಕೂತು ಲಗ್ನಪತ್ರಿಕೆ, ಬಯೋಡಾಟಾ ಮಾಡಿಕೊಡಬಹುದು ಎಂದು ಆ ಕಾಲದಲ್ಲಿ ಎಲ್ಲರೂ ಹೇಳುತ್ತಿದ್ದರು. ಕೊಳ್ಳುವಾಗ ಚೌಕಾಸಿಗೆ ನನ್ನನ್ನೇ ಕರೆದೊಯ್ದಿದ್ದರು. ಗಾದಿಯಿದ್ದ ಒಂದು ಸ್ಟೂಲು, ಧೂಳಿನ ಕವರು ಎರಡನ್ನೂ ಪುಕ್ಕಟೆ ಹಾಕಿಸಿದೆ. ಅಂಗಡಿಯವನು ನಮ್ಮನ್ನು ಬೀಳ್ಕೊಡಲು ಬಾಗಿಲ ತನಕ ಬರಲಿಲ್ಲ.

ಆಮೇಲೆ ಕೆಲವು ತಿಂಗಳಿಗೆ ಎದುರು ಮನೆಯ ಫೋನಿನಿಂದ ಅಕ್ಕ ಅಂಗಡಿಗೆ ಫೋನ್ ಮಾಡಿದಳು.

"ತಮ್ಮಾ, ಕಂಪ್ಯೂಟರ್ ಸುರೂನ ಆಗವಲ್ದು. ನಿಮ್ಮ ಮಾಮಾ ದಿನಾ ರಿಪೇರಿಯವನ ಕಡೆ ಹೋಗ್ತಾರ, ಸಂಜಿಕ ಬಂದು ಪುಣೆದಿಂದ ಪಾರ್ಟ್ ಬರಬೇಕು ಅಂತಾರ. ಐತವಾರ ಬಿರಾದಾರರು ಲಗ್ನಪತ್ರಿಕೆ ನೋಡ್ಲಿಕ್ಕ ಬರೋರು ಅದಾರ. ನಾನ ಅವರ ಮನಿಗಿ ಹೋಗಿ ಕೇಳಿ ತಂದ ಕೆಲಸ ಅದು."

"ಇಲ್ಲ ಅಂತ ಹೇಳಿಬಿಡು."

"ಒಮ್ಮಿ ಇಲ್ಲ ಅಂದ್ರ ಸಮಾಜದಾಗ ಇನ್ನ ಯಾರು ಕೊಡ್ತಾರಪ್ಪಾ ಇವರಿಗಿ ಕೆಲಸ? ಮನ್ಯಾಗ ಕುಂತಾಂವ ಅಂತ ಹೆಸರು ಬಿದ್ದುಬಿಡ್ತದ. ಆ ಹೆಸರು ಇವರು ತಡಕೊಳ್ಳೂದಿಲ್ಲ."

ಆ ಭಾನುವಾರ ಬೆಳಗಿನ ಮೊದಲ ಎಸ್ಟಿ ಬಸ್ ಹಿಡಿದೆ. ಕಂಪ್ಯೂಟರ್ ಬಗ್ಗೆ ನನಗೆ ಏನು ಗೊತ್ತಿತ್ತು ಅಂತ ಕೇಳಬೇಡಿ. ಟ್ರಾನ್ಸಿಸ್ಟರನ್ನು ಬಡಿದು ಸರಿ ಮಾಡಿದ ಅನುಭವ ಇತ್ತು, ಅಷ್ಟು ಸಾಕೆಂದುಕೊಂಡೆ.

ಕಂಪ್ಯೂಟರ್ ಕೋಣೆಗೆ ಆಗ ದೇವರ ಮನೆಗಿಂತ ಮಡಿ ಹೆಚ್ಚು. ಚಪ್ಪಲಿ ಬಿಟ್ಟು ಒಳಗೆ ಹೋದೆ. ಸ್ವಿಚ್ ಹಾಕಿದೆ. ಸ್ಟೆಬಿಲೈಜರ್ ಟಕ್ ಅಂತು, ಫ್ಯಾನ್ ಗುಂಯ್ ಅಂತು, ಹಸಿರು ದೀಪ ಹತ್ತಿತು, ಧೂಳಿನ ವಾಸನೆ ಬಂತು. ಪರದೆ ಮಾತ್ರ ಕಪ್ಪಗೆ ಕೂತಿತ್ತು. ವೈರುಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿದೆ. ಅಡುಗೆ ಮನೆಯ ಪ್ಲಗ್ಗಿಗೆ ಹಾಕಿ ನೋಡಿದೆ. ಡಬ್ಬಿಯ ಬೆನ್ನಿಗೆ ಎರಡು ಬಿಟ್ಟೆ.

"ಅದಕ್ಕ ಹೊಡೀಬ್ಯಾಡೋ," ಅಂದರು ಮಾಮಾ, ಸ್ಟೂಲಿನ ಮೇಲೆ ಕೂತು. "ಮದರ್‌ಬೋರ್ಡ್ ಹೋಗ್ಯದ ಅಂತ ಹೇಳ್ಯಾನ."

"ಯಂತ್ರ ನೋಡ್ದೇನ ಹೇಳ್ಯಾನೇನ್ರಿ ಮಾಮಾ?"

ನನಗೆ ಆಗಲೇ ಹೊಳೆದದ್ದು. ಯಂತ್ರ ಇಲ್ಲಿದೆ, ಇವರು ದಿನಾ ಬರಿಗೈಯಲ್ಲಿ ರಿಪೇರಿಗೆ ಹೋಗುತ್ತಾರೆ. ರೋಗಿಯನ್ನು ಮನೆಯಲ್ಲಿ ಮಲಗಿಸಿ ತಾವೊಬ್ಬರೇ ದವಾಖಾನೆಗೆ ಹೋಗಿ ಬಂದ ಹಾಗೆ. ಮಾತು ಬೆಳೆಸದೆ ವೈರು ಎಳೆಯುತ್ತಾ ಅವರನ್ನೇ ಗಮನಿಸಿದೆ. ಕಣ್ಣು ಗೋಡೆಯ ಮೇಲೆ ಹೋಯಿತು, ಸ್ಟೆಬಿಲೈಜರ್ ಮೇಲೆ ಹೋಯಿತು, ಕೀಬೋರ್ಡಿನ ಮೇಲೆ ಹೋಯಿತು. ಮಾನಿಟರಿನ ಕೆಳಗಿನ ಅಂಚಿಗೆ ಮಾತ್ರ ಒಮ್ಮೆಯೂ ಹೋಗಲಿಲ್ಲ.

ಇನ್ನೊಂದು ಕಂಡೆ. ಎಡಗೈ ಬೆರಳುಗಳು ತೊಡೆಯ ಮೇಲೆ ಒಂದಾದ ಮೇಲೊಂದು ಒತ್ತುತ್ತಿದ್ದವು. ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ತೋರುಬೆರಳು. ಮತ್ತೆ ಕಿರುಬೆರಳು. ಅವರಿಗೇ ಅದರ ಖಬರಿದ್ದಂತಿರಲಿಲ್ಲ. ನನ್ನ ಅಂಗಡಿಯ ಮೇಲೆ ಟೈಪಿಂಗ್ ಕ್ಲಾಸಿದೆ. ಅಲ್ಲಿಂದ ಇಳಿದು ಬಸ್ಸಿಗೆ ನಿಂತ ಹುಡುಗಿಯರ ಬೆರಳು ತಮ್ಮ ಪುಸ್ತಕದ ಮೇಲೆ ಹೀಗೇ ಆಡುವುದನ್ನು ದಿನಾ ನೋಡುತ್ತೇನೆ.

ಮಾನಿಟರಿನ ಕೆಳಗೆ ಕೈ ಹಾಕಿದೆ. ಸಣ್ಣದೊಂದು ಗಾಲಿ ಸಿಕ್ಕಿತು. ತಿರುಗಿಸಿದೆ. ಕಪ್ಪು ಪರದೆ ನಿಧಾನಕ್ಕೆ ಬೂದಿಯಾಗಿ, ಬೂದಿಯಲ್ಲಿ ಬಿಳಿ ಅಕ್ಷರ ಮೂಡಿದವು. ಕಂಪ್ಯೂಟರ್ ಅಷ್ಟೂ ಹೊತ್ತು ಸುರುವಾಗಿಯೇ ಕೂತಿತ್ತು. ಬೆಳಕಿನ ಗಾಲಿಯನ್ನು ಯಾರೋ ಪೂರ್ತಿ ಇಳಿಸಿದ್ದರು.

ಮಾಮಾ ಎದ್ದು ನಿಂತರು. ಕೈ ಅರ್ಧ ಮೇಲೆ ಬಂದಿತ್ತು, ತಡೆಯಲೋ ಮುಗಿಯಲೋ ಗೊತ್ತಾಗಲಿಲ್ಲ.

"ಆತೇನೋ ತಮ್ಮಾ?" ಅಡುಗೆ ಮನೆಯಿಂದ ಅಕ್ಕ ಕೂಗಿದಳು.

ಗಾಲಿಯನ್ನು ಹಿಂದಕ್ಕೆ ತಿರುಗಿಸಿದೆ. ಅಕ್ಷರ ಆರಿದವು. "ಇಲ್ಲಕ್ಕಾ," ಅಂದೆ. "ಮಾಮಾ ಹೇಳಿದ್ದ ಖರೆ. ಪಾರ್ಟ್ ಬರಬೇಕು."

ಸಂಜೆ ಬಿರಾದಾರರು ಬಂದರು. ಯಂತ್ರ ರಿಪೇರಿ ಮಾಡುವುದು ನನ್ನ ಕೆಲಸವಲ್ಲ, ಮಾತು ನನ್ನ ಕೆಲಸ. ಲಗ್ನಪತ್ರಿಕೆಯನ್ನು ಇಷ್ಟು ಮುಂಚೆ ಅಚ್ಚು ಹಾಕಿಸಿದರೆ ಯಾವನಾದರೊಬ್ಬ ಕಾಕಾನ ಹೆಸರು ಬಿಟ್ಟುಹೋಗುತ್ತದೆ, ಅವನು ಮಂಟಪದಲ್ಲೇ ಮುನಿಸಿಕೊಳ್ಳುತ್ತಾನೆ ಅಂದೆ. ಅವರ ಮನೆಯಲ್ಲಿ ಅಂಥ ಕಾಕಾ ಒಬ್ಬ ಇದ್ದಿರಬೇಕು. ಗಂಡಹೆಂಡತಿ ಮುಖ ಮುಖ ನೋಡಿಕೊಂಡು, "ಸಾವಕಾಶ ಆಗಲಿ ಬಿಡ್ರಿ," ಎಂದು ಒಪ್ಪಿದರು. ಕೆಲಸ ವಾಪಸ್ ತಗೊಳ್ಳಲಿಲ್ಲ.

ಬಸ್‌ಸ್ಟ್ಯಾಂಡಿನ ತನಕ ಕಳಿಸಲು ಮಾಮಾ ಬಂದರು. ದಾರಿಯಲ್ಲಿ ಅವರೇ ಬಾಯಿಬಿಟ್ಟರು.

"ದಿನಾ ನಾ ಹೋಗೂದು ಟೈಪಿಂಗ್ ಕ್ಲಾಸಿಗಿ. ಅಲ್ಲಿ ಎಲ್ಲಾ ಸಣ್ಣ ಸಣ್ಣ ಪೋರಗೋಳು. ಮಾಸ್ತರ ಸುದ್ದಾ ನನಗ ಕಾಕಾ ಅಂತಾನ. ಮರಾಠಿ ಜೋಡಕ್ಷರ ಇನ್ನಾ ಕೈಗಿ ಹತ್ತವಲ್ದು. ನಿಮ್ಮಕ್ಕ ಬಾಜೂಕ ನಿಂತು ನೋಡ್ತಿರ್ತಾಳ. ಸ್ಟೋರಿನ್ಯಾಗ ನಾ ಯಾವತ್ತೂ ಹುಡುಕಿದಾಂವ ಅಲ್ಲ. ಆಕಿ ಮುಂದ ಒಂದೊಂದು ಅಕ್ಷರ ಹುಡುಕ್ಕೋತ ಹ್ಯಾಂಗ ಕುಂಡ್ರಲಿ ಹೇಳು?"

ನನ್ನ ಬಾಯಿಯಲ್ಲಿ ಸಾಲುಗಟ್ಟಿ ಸಲಹೆ ನಿಂತಿದ್ದವು. ಅಕ್ಕನಿಗೆ ಹೇಳಿಬಿಡಿ, ಮನೆಗೇ ಮಾಸ್ತರನನ್ನು ಕರೆಸಿ, ಮೊದಲು ಇಂಗ್ಲಿಷ್ ಕೆಲಸ ಹಿಡಿಯಿರಿ. ಯಾವುದನ್ನೂ ಹೇಳಲಿಲ್ಲ.

"ಪುಣೆ ದೂರ ಅದರಿ ಮಾಮಾ," ಅಂದೆ. "ಪಾರ್ಟ್ ಬರ್ಲಿಕ್ಕ ಟೈಮ್ ಹಿಡೀತದ."

ಅವರು ಮೊದಲ ಸಲ ನಕ್ಕರು.

ಪಾರ್ಟು ಬಂತು. ಬಿರಾದಾರರ ಪತ್ರಿಕೆ ನನ್ನ ಅಂಗಡಿಗೂ ಟಪಾಲಿನಲ್ಲಿ ಬಂತು. ಬಟ್ಟೆಯಲ್ಲಿ ದೋಷ ಹುಡುಕುವ ಹಾಗೆ ಅದನ್ನು ಬೆಳಕಿಗೆ ಹಿಡಿದು ಓದಿದೆ. ಜೋಡಕ್ಷರಗಳೆಲ್ಲ ಸರಿಯಾಗಿದ್ದವು. ಆಮೇಲೆ ಎಷ್ಟೋ ವರ್ಷ ನಮ್ಮ ಸಮಾಜದವರ ಲಗ್ನಪತ್ರಿಕೆಗಳನ್ನೆಲ್ಲ ಮಾಮಾನೇ ಮಾಡಿದರು.

ಇಷ್ಟು ಬರೆಯುವಷ್ಟರಲ್ಲಿ ಮೇಲಿನ ಮನೆಯ ಪಾಟೀಲರು ಬಂದು ಕೂತರು. ಕಂಪನಿಯೊಂದರಲ್ಲಿ ಕೆಲಸ, ಇನ್ನೂ ಹರೆಯದವರು. ಈಚೆಗೆ ಹಗಲೆಲ್ಲ ಮನೆಯಲ್ಲೇ ಇರುತ್ತಾರೆ. "ಸ್ಕೂಟರ್ ಸುರು ಆಗವಲ್ದರಿ ಕಾಕಾ, ಅದಕ್ಕ ಡ್ಯೂಟಿಗಿ ಹೋಗಿಲ್ಲ," ಅಂದರು. ನಿನ್ನೆ ಸಂಜೆ ಅದೇ ಸ್ಕೂಟರಿನಲ್ಲಿ ಅವರು ತರಕಾರಿ ತಂದದ್ದನ್ನು ನಾನು ನೋಡಿದ್ದೆ. ಒಳ್ಳೆಯ ಮೆಕ್ಯಾನಿಕನ ಹೆಸರು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

"ಈಗ ಸ್ಕೂಟರ್ ಪಾರ್ಟ್ ಜಲ್ದಿ ಸಿಗೂದಿಲ್ಲರಿ," ಅಂದೆ. "ಕೂಡ್ರಿ, ಚಹಾ ಆಗ್ತದ."