ಎಮ್ಮಿ ಕೇಸಿಗೆ ಒಬ್ಬರ ವಕೀಲರು

ದೋಸ್ತರ, ಇವತ್ತ ನಕ್ಕು ನಕ್ಕು ನನ್ನ ಹೊಟ್ಟಿ ಹುಣ್ಣಾಗೇತಿ. ನಮ್ಮೂರ ಸರಕಾರಿ ಸಾಲಿ ಮ್ಯಾಲೆ ಸಾಲಿ ಬಾಜೂ ಮನಿ ಮೌಲಾಚಾಚಾ ಕೇಸ್ ಹಾಕ್ಯಾರ. ಹುಡುಗೂರು ಡ್ರಮ್ ಬಡದ್ರ ಅವರ ಎಮ್ಮಿ ಹಾಲ ಕೊಡಂಗಿಲ್ಲಂತ! ಸಾಲಿಗೆ ವಕೀಲರನ್ನ ಹಚ್ಚಾಕ ರೊಕ್ಕ ಎಲ್ಲಿಂದ ತರೂದು ಅಂತ ಮುಂಜಾನಿ ಪಾಲಕರ ಮೀಟಿಂಗ್ ಕರದಿದ್ರು. ಮಗಳು ಅಲ್ಲೇ ಕಲೀತಾಳಂತ ನಾನೂ ಹೋಗಿದ್ದೆ.

“ಆಟದ ಸಾಮಾನಿನ ರೊಕ್ಕ ಕೋರ್ಟಿಗೆ ಸುರೀಬ್ಯಾಡ್ರಿ” ಅಂತ ಒಬ್ರು. “ಡ್ರಮ್ ಬಿಟ್ರ ಸಾಲಿ ಮರ್ಯಾದಿ ಹೋಗ್ತೈತಿ” ಅಂತ ಇನ್ನೊಬ್ರು. ಜಗಳ ಜೋರಾತು. ಆಗ ಹಿಂದಿನ ಬೆಂಚಿಂದ ಎದ್ದವ್ರು ಯಾರು? ಮೌಲಾಚಾಚಾನ! ಮೊಮ್ಮಗಳು ಇದ ಸಾಲ್ಯಾಗ ಅದಾಳ, ಅವರು ಒಂದ ಮೀಟಿಂಗೂ ತಪ್ಪಸಂಗಿಲ್ಲ.

“ಸುಮ್ನ ಯಾಕ ಗುದ್ದಾಡ್ತೀರಿ? ನನ್ನ ವಕೀಲರನ್ನ ನೀವೂ ಹಚ್ರಿ. ಭಾಳ ಶಾಣ್ಯಾ ಅದಾರ. ಫೀ ಅರ್ಧಾ ಅರ್ಧಾ ಹಂಚ್ಕೊಳ್ಳೂಣು” ಅಂದ್ರು.

ಹೆಡ್‌ಮಾಸ್ತರು ಹಣಿ ಹಣಿ ಬಡ್ಕೊಂಡ್ರು. ಉಳದವ್ರೆಲ್ಲಾ ಚಪ್ಪಾಳಿ ಹೊಡದು ಪಾಸ್ ಮಾಡೇಬಿಟ್ರು!

ತಾರೀಖಿನ ದಿನ ಊರಿಗೂರ ಟ್ರ್ಯಾಕ್ಟರ್ ಏರಿ ರೋಣದ ಕೋರ್ಟಿಗೆ ಹೊಂಟೈತಿ. ತಾವ ವಾದ ಮಾಡಿ, ತಾವ ಎದ್ದು “ಆಕ್ಷೇಪ ಐತಿ ಸ್ವಾಮಿ” ಅನ್ನೋ ವಕೀಲರನ್ನ ಪುಕ್ಸಟ್ಟೆ ನೋಡೂದು ಯಾರ ಬಿಡ್ತಾರ್ರಿ?